ಯಜಮಾನನ ಚೀಟಿ

ಅಕ್ಕಾ,

ಒಮಾನಿನ ಈ ಇಬ್ರಾ ಊರಿನ ಸೆಕೆಗೆ ಬಂದಿದ್ದ ತಲೆಸುತ್ತು ಈಗ ಇಲ್ಲ. ಇವತ್ತು ಆಫೀಸು ಮುಗಿಸಿ, ನನ್ನ ಕಫೀಲ್, ಅಂದರೆ ನನ್ನ ವೀಸಾಕ್ಕೆ ಹೊಣೆಯಾದ ಧಣಿಗಳ ಮಗಳು ಶಮ್ಸಾಳಿಗೆ ಎಂದಿನಂತೆ ಇತಿಹಾಸ ಹೇಳಿಕೊಡುತ್ತಿದ್ದೆ. ನಾನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಆಳು ಕೆಲಸ ಬಿಟ್ಟು ಬೇರೆಡೆ ಹೋಗಲು ಯಜಮಾನನ ಚೀಟಿ ಬೇಕಿತ್ತು. ಚೀಟಿಯಿಲ್ಲದೆ ಸಿಕ್ಕಿಬಿದ್ದರೆ ಚಾಟಿಯೇಟು. ನಾನು, ಪೆದ್ದಿ, ನಗುತ್ತಲೇ ಓದಿಸಿದೆ.

ಹುಡುಗಿ ತಲೆಯೆತ್ತಿ, “ಮಿಸ್, ಯುವರ್ ಪಾಸ್‌ಪೋರ್ಟ್ ಈಸ್ ವಿತ್ ಬಾಬಾ, ನೋ?” ಎಂದಳು.

ಪಕ್ಕದ ಕೋಣೆಯ ಟಿ.ವಿ. ಸದ್ದು ನಿಂತಿತು. ಧಣಿಗಳು ಬಾಗಿಲಿಗೆ ಬಂದು, “ಖಲಾಸ್, ಕ್ಲಾಸ್ ಫಿನಿಶ್” ಎಂದರು.

ನನ್ನ ರಜೆಯ ಅರ್ಜಿ ಇನ್ನೂ ಅವರ ಮೇಜಿನ ಮೇಲೇ ಇದೆ. ಅಮ್ಮನ ಕಣ್ಣಿನ ಆಪರೇಷನ್ ಮಾತ್ರ ನನಗಾಗಿ ಮುಂದೂಡಬೇಡಿ. ನಾಳೆ ಅದೇ ಪುಟದಿಂದ ಪಾಠ ಶುರು ಮಾಡುತ್ತೇನೆ, ಬಾಗಿಲು ತೆರೆದಿಟ್ಟುಕೊಂಡೇ.

ಅವಸರದಲ್ಲಿ,
ಹರಿಣಾಕ್ಷಿ