ಒಂದೇ ಗೋಪುರದ ಚರ್ಚು

ಹಳೇ ಗೋವಾ, ಶನಿವಾರ

ಅಮೃತೂರಿನ ನನ್ನ ಅಕ್ಕನಿಗೆ,

ಫೋನ್ ಮಾಡಿದರೆ ಅಳುತ್ತೀಯ, ಅದಕ್ಕೇ ಈ ಕಾರ್ಡು. ಇವತ್ತು ಸೆ ಕೆಥೆಡ್ರಲ್ ನೋಡಿದೆವು. ನಾನೂರು ವರ್ಷದ ಹಳೆಯ ಚರ್ಚು. ಹೊರಗೆ ಬಿಳಿ ಸುಣ್ಣ, ಒಳಗೆ ಬಂಗಾರದ ಬಣ್ಣದ ಪೀಠ. ಮುಂಭಾಗದಲ್ಲಿ ಎರಡು ಗೋಪುರ ಇದ್ದವಂತೆ. ಇನ್ನೂರೈವತ್ತು ವರ್ಷದ ಹಿಂದೆ ಒಂದು ಬಿದ್ದುಹೋಯಿತು, ಯಾರೂ ಮತ್ತೆ ಕಟ್ಟಲಿಲ್ಲ. ಉಳಿದದ್ದರಲ್ಲಿ ದೊಡ್ಡ ಗಂಟೆಯಿದೆ. ಅದು ಹೊಡೆದಾಗ ನಮ್ಮ ತುಮಕೂರಿನ ಹಾಸ್ಟೆಲ್ ನೆನಪಾಯಿತು ಕಣೇ. ಪಕ್ಕದ ಚರ್ಚಿನ ಗಂಟೆ ಕೇಳಿ ಎದ್ದು ಬಿಸಿನೀರಿಗೆ ಓಡುತ್ತಿದ್ದೆವಲ್ಲ, ಯಾವಾಗಲೂ ನೀನೇ ಮುಂದೆ.

ನೀನು ಕೊಟ್ಟ ತೋಟದ ಕಾಯಿ ಹಿಡಿದು, ಒಡೆಯುವ ಕಲ್ಲು ಹುಡುಕುತ್ತಾ ಬಾಗಿಲಲ್ಲೇ ಸುತ್ತಾಡಿದೆ. ನಮ್ಮವರು ನಕ್ಕು, "ಇಲ್ಲಿ ಕಾಯಿ ಒಡೆಯಲ್ಲ ಕಣೇ, ಬುಡು. ಮೇಣದಬತ್ತಿ ಹಚ್ತಾರೆ" ಅಂದರು. ಭಾವನ ಹೆಸರಿನಲ್ಲಿ ಒಂದು ಹಚ್ಚಿದೆ.

ನನ್ನ ಮಂಡಿನೋವು ಪರವಾಗಿಲ್ಲ. ಬಸ್ಸಿನಲ್ಲಿ ನಿನ್ನ ಸೀಟು ಖಾಲಿಯೇ ಇದೆ, ಯಾರಿಗೂ ಕೊಟ್ಟಿಲ್ಲ. ಭಾವ ಹೋದ ಮೇಲೆ ವರ್ಷವಿಡೀ ಹೊಸ್ತಿಲು ದಾಟದೆ ಕೂತದ್ದು ಸಾಕು. ಮುಂದಿನ ಭಾನುವಾರ ಬೆಳಿಗ್ಗೆ ಅಮೃತೂರಿಗೆ ಬರುತ್ತೇವೆ. ಕಾಯಿ ಮನೆಗೆ ತಂದುಕೊಡುವುದಿಲ್ಲ, ಬಸ್ ಸ್ಟ್ಯಾಂಡಿಗೆ ನೀನೇ ಬಂದು ಇಸ್ಕೋ.

ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ.

ಸರ್ವಮಂಗಳಾ