ಎರಡನೇ ಶೆಡ್ಡಿನ ಫೀಡರ್

ಜುಲೈ 29, ಬೆಳಿಗ್ಗೆ 9
ಒಂದನೇ ಶೆಡ್ಡಿನ ಫೀಡರ್, ಅಂದರೆ ಮೇವಿನ ತಟ್ಟೆಗಳನ್ನು, ಕೋಳಿಗಳಿಗೆ ಎಟುಕದಂತೆ ಮೇಲೆತ್ತಿಯಾಯಿತು. ಸಂಜೆ ಏಳರವರೆಗೆ ಕೋಳಿಗಳಿಗೆ ನೀರು ಮಾತ್ರ. ತಿಂದರೆ ಮೈಯೊಳಗೆ ಶಾಖ ಹೆಚ್ಚುತ್ತದೆ, ಈ ಬಿಸಿಲಲ್ಲಿ ತಡೆಯವು. ಎರಡನೇ ಶೆಡ್ಡಿನಲ್ಲಿ ದಿನವಿಡೀ ಮೇವು — ಹೋಲಿಸಿ ನೋಡಲು. ನನ್ನ ಥೀಸಿಸ್ ಇಷ್ಟೇ. ಗಾಳಿಗೆಂದು ಪಕ್ಕದ ಪರದೆಗಳನ್ನೆಲ್ಲ ಕೆಳಗಿಳಿಸಿ ತೆರೆದಿಟ್ಟೆ. ಫ್ಯಾನ್ ಇದ್ದರೂ ಹೊರಗಿನ ಗಾಳಿ ತಾನಾಗಿ ಬಂದರೆ ಉಂಟು.
ಫಾರ್ಮ್ ಸಿದ್ರಾಮಪ್ಪ ಅಂಕಲ್‌ರದು. ಇಪ್ಪತ್ತು ವರ್ಷ ಇರ್ವಿಂಗ್ ನಗರದಲ್ಲಿ ಸಾಫ್ಟ್‌ವೇರ್ ಕೆಲಸ, ಈಗ ಆಸ್ಟಿನ್ ಆಚೆ ಕೋಳಿ ಸಾಕಣೆ.

ಆಗಸ್ಟ್ 6
ಅಂಕಲ್, ಅವರ ಹೆಂಡತಿ ಶಾರದಮ್ಮ ಆಂಟಿ ಫ್ರಿಸ್ಕೋಗೆ, ಮಗಳ ಮನೆಗೆ ಹೊರಟರು. ಕಾರು ಹತ್ತುವಾಗ ಅಂಕಲ್ ಅಂದರು: "ಕೋಕಿಲಾ, ನಾಳಿ ನೂರಾ ಎಂಟ್ ಡಿಗ್ರಿ ಫ್ಯಾರನ್‌ಹೀಟ್ ತೋರ್ಸಾಕತ್ತದ. ಎರಡೂ ಶೆಡ್ಡಿಂದು ಫೀಡರ್ ಎತ್ತಿಬಿಡವ್ವಾ. ಪ್ರಯೋಗ ಆಮ್ಯಾಲೆ."
"ಹ್ಞೂಂ ಅಂಕಲ್" ಅಂದೆ.
ಇನ್ನು ನಾಲ್ಕೇ ದಿನದ ರೀಡಿಂಗ್ ಬಾಕಿ...

ಆಗಸ್ಟ್ 7, ಬೆಳಿಗ್ಗೆ 9:20
ಎರಡನೇ ಶೆಡ್ಡಿನಲ್ಲಿ ಸುಮಾರು ಹೊತ್ತು ನಿಂತಿದ್ದೆ. ಎತ್ತಲಿಲ್ಲ. ಒಂದು ದಿನದ ರೀಡಿಂಗ್ ತಪ್ಪಿದರೆ ಈ ಬ್ಯಾಚಿನ ಇಡೀ ಪ್ರಯೋಗ ವ್ಯರ್ಥ.

ಮಧ್ಯಾಹ್ನ 3:10
ಗಾಳಿ ನಿಂತಿದೆ. ಫ್ಯಾನ್‌ಗಳು ಬಿಸಿಗಾಳಿಯನ್ನೇ ತಿರುಗಿಸುತ್ತಿವೆ. ಎರಡನೇ ಶೆಡ್ಡಿನ ಎಲ್ಲ ಕೋಳಿಗಳೂ ಬಾಯಿ ತೆರೆದು, ರೆಕ್ಕೆ ಇಳಿಬಿಟ್ಟು ಏದುಸಿರು ಬಿಡುತ್ತಿವೆ. ಈಗ ಫೀಡರ್ ಎತ್ತಿದೆ. ತಿಂದದ್ದನ್ನು ಹೇಗೆ ತೆಗೆಯಲಿ? ನಡುವೆ ಓಡಾಡಿ ಎಬ್ಬಿಸಿದೆ — ಎದ್ದರೆ ಮೈಯಡಿಯ ಶಾಖ ಹೋಗುತ್ತದೆ. ಕೆಲವು ಏಳಲಿಲ್ಲ.

ಆಗಸ್ಟ್ 8
ಒಂದನೇ ಶೆಡ್ಡಿನಲ್ಲಿ ಸತ್ತವು ಹನ್ನೊಂದು. ಎರಡನೆಯದರಲ್ಲಿ ಆರುನೂರಾ ನಲವತ್ತು.
ಫೋನ್ ಮಾಡಿದ್ದೇ ಅಂಕಲ್, ಆಂಟಿ ಹೊರಟು ಬಂದರು. ಅಂಕಲ್ ಮತ್ತು ನಾನು ಸತ್ತವನ್ನು ಚೀಲಕ್ಕೆ ತುಂಬಿದೆವು. "ನೀ ಏನ್ ಮಾಡ್ತಿ? ಬಿಸಿಲ ಹಂಗದ" ಅಂದರು. ಇನ್ನೊಂದು ಚೀಲ ಬಿಚ್ಚಿದೆ. ಆಂಟಿ ಮಜ್ಜಿಗೆ ಕೊಟ್ಟರು. ಕುಡಿದೆ.

ಆಗಸ್ಟ್ 19
ಥೀಸಿಸ್ ನೋಡಿಕೊಳ್ಳುವ ಗೈಡ್‌ಗೆ ಖುಷಿ. ಎರಡು ಶೆಡ್ಡುಗಳ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಬರುವುದು ಅಪರೂಪವಂತೆ. ಬಾತ್‌ರೂಮಿಗೆ ಹೋಗಿ ಅತ್ತೆ.

ಆಗಸ್ಟ್ 23
ಫಾರ್ಮಿಗೆ ಹೋಗಿ ಹೇಳಿಬಿಟ್ಟೆ. "ಅಂಕಲ್, ಅವತ್ತು ಬೆಳಿಗ್ಗೆ ಎರಡನೇ ಶೆಡ್ಡಿಂದು ಫೀಡರ್ ನಾನು ಎತ್ತಿರ್ಲಿಲ್ಲ."
"ಗೊತ್ತದ."
"ಹೇಗೆ?"
"ಚೀಲಕ್ಕ ಹಾಕೂ ಮುಂದ ಕೈಗೆ ಹತ್ತಿತು. ಸತ್ತ ಕೋಳಿ ಗಂಟಲತುಂಬ ಮೇವಿತ್ತು. ನೀನ ಹೇಳ್ತಿ ಅಂತ ಕಾದೆ. ಹದಿನೈದ್ ದಿನ."
ಕ್ಷಮೆ ಕೇಳಿದೆ. ಬೈಯಲಿಲ್ಲ. ಗೇಟಿನ ಕೀಲಿ ಕೇಳಿದರು. ಕೊಟ್ಟೆ. ಆಂಟಿ ಹೊರಗೆ ಬರಲಿಲ್ಲ.

ಆಗಸ್ಟ್ 24
ಥೀಸಿಸ್‌ನಲ್ಲಿ ಅವತ್ತಿನ ಬಗ್ಗೆ 'ಹವಾಮಾನ ವೈಪರೀತ್ಯ' ಅಂತ ಬರೆದರೆ ಸಾಕು ಅಂದರು ಗೈಡ್. ಬರೆದೆ. ಅಳಿಸಿದೆ. ಆ ಜಾಗದಲ್ಲಿ ಬರೆದೆ: ಮೇವು ತೆಗೆಯಲು ಫಾರ್ಮ್ ಮಾಲೀಕರು ಮೊದಲೇ ಹೇಳಿದ್ದರು, ಆದರೂ ನಾನು ತೆಗೆಯಲಿಲ್ಲ.