ಊಸಕ್ಕಾಕ್ ತಾತ ಉಂಡದ್ದು

ನೂಕ್, ಮಾರ್ಚ್ 9

ದೊಡ್ಡಮ್ಮ,

ನಾನು ಅಡುಗೆಗೆ ಸೇರಿರುವ ಆಸ್ಪತ್ರೆಗೆ ನಮ್ಮ ಬಡಗಣ ತೀರದ ಮುದುಕ ಬೇಟೆಗಾರರೊಬ್ಬರು ಬಂದಿದ್ದಾರೆ, ಊಸಕ್ಕಾಕ್ ಅಂತ. ಕಾಲಿನ ಆಪರೇಷನ್ ಆಗಿ ಎಂಟು ದಿನ ಆಲೂಗಡ್ಡೆ, ಬ್ರೆಡ್ಡು ಯಾವುದನ್ನೂ ಮುಟ್ಟಲಿಲ್ಲ. ಗಾಯ ಮಾಯುತ್ತಿಲ್ಲ, ನಾಳೆ ಮೂಗಿಗೆ ಊಟದ ನಳಿಗೆ ಹಾಕುತ್ತೇವೆ ಎಂದರು ಡಾಕ್ಟರು. ನನಗೆ ತಡೆಯಲಾಗಲಿಲ್ಲ. ಮೀನುಕಟ್ಟೆಗೆ ಓಡಿ ಸೀಲ್ ಮಾಂಸ ತಂದು ಕೊಬ್ಬಿನ ಸಮೇತ ಒಲೆಗೇರಿಸಿದೆ. "ವಾರ್ಡೆಲ್ಲ ನಾರುತ್ತೆ ಕಣೇ!" ಎಂದಳು ಹಿರಿಯ ಅಡುಗೆಯವಳು. "ನಾರಲಿ ಬಿಡಿ" ಎಂದೆ.

ತಾತ ಒಂದು ತುಂಡು ಅಗಿದು ನನ್ನನ್ನು ದುರುಗುಟ್ಟಿ ನೋಡಿದರು. "ಇಷ್ಟು ಬೇಯಿಸಿದ್ರೆ ಹಲ್ಲಿಗೇನು ಕೆಲ್ಸ? ನಿಮ್ಮನೇಲಿ ಯಾರೂ ಕಲಿಸ್ಲಿಲ್ವೇನೇ?" (ಕಲಿಸಿದ್ದು ನೀವೆಂದು ನಾನು ಬಾಯಿ ಬಿಡಲಿಲ್ಲ.) ಬೈಯುತ್ತಲೇ ಎರಡು ಬಟ್ಟಲು ಮುಗಿಸಿದರು. "ನಾಳೆ ತಿಮಿಂಗಿಲದ ತೊಗಲು ತಾ. ಹಸೀದು! ಬೇಯಿಸಿದ್ರೆ ಸುಮ್ನಿರಲ್ಲ." ಅಷ್ಟರಲ್ಲಿ ವಾಸನೆ ಹಿಡಿದು ಪಕ್ಕದ ವಾರ್ಡಿನವರೆಲ್ಲ ಊರುಗೋಲು ಊರಿಕೊಂಡು ಬಾಗಿಲಿಗೆ ಬಂದಿದ್ದರು. "ನಮ್ಗೇನು ಬಾಯಿಲ್ವಾ?" ಪಾತ್ರೆಯ ತಳ ಕೆರೆದು ಬಡಿಸಿದೆ.

ಡಾಕ್ಟರು ನಳಿಗೆಯ ಮಾತು ಬಿಟ್ಟಿದ್ದಾರೆ. ಹಸಿ ತೊಗಲಿನಲ್ಲಿ ಕಿತ್ತಳೆಯಲ್ಲಿರುವ ಸತ್ವವೇ ಇದೆ, ಗಾಯ ಬೇಗ ಮಾಯುತ್ತದೆ, ಧಾರಾಳವಾಗಿ ಕೊಡಿ ಎಂದರು. ನಮ್ಮ ಅಜ್ಜಿಯರಿಗೆ ಇದನ್ನು ಯಾವ ಡಾಕ್ಟರು ಹೇಳಿಕೊಟ್ಟಿದ್ದರು!

ಕೊಬ್ಬು ಸಿಡಿದು ನನ್ನ ಕೈ ಸ್ವಲ್ಪ ಸುಟ್ಟಿದೆ, ಗಾಬರಿಯಾಗಬೇಡಿ. ಒಣಮೀನು ಯಾರ ಕೈಯಲ್ಲಾದರೂ ಕಳಿಸಿ. ಇಲ್ಲಿ ಊಟದ ಪಟ್ಟಿ ಬರೆಯುವ ಹಲಗೆಯ ಮೇಲೆ ದಿನವೂ ನಮ್ಮನ್ನಾಳಿದ ಡೇನರ ಭಾಷೆಯೇ ಇರುತ್ತಿತ್ತು. ಇವತ್ತು ಮೊದಲ ಸಾಲು ನಮ್ಮ ಮಾತಿನಲ್ಲಿದೆ: ಸೀಲ್ ಮಾಂಸದ ಸಾರು. ಬರೆದವಳು ನಾನೇ.

ನಿಮ್ಮ ಪಿಪಲುಕ್